ಗುಂಡಿ ಡಬ್ಬಿಯ ಚೀಟಿ

ಮುಂದಿನ ಕೋಣೆ, ಹೊಲಿಗೆ ಯಂತ್ರದ ಪಕ್ಕ
ಮಾರ್ಚ್ 11, ಮಂಗಳವಾರ ಬೆಳಗ್ಗೆ

ಪ್ರೀತಿಯ ತಮ್ಮನಿಗೆ,

ಹೇಗಿದ್ದೀಯ? ಕಣ್ಣು ಹೇಗಿದೆ? ಆಪರೇಷನ್ ಆದ ಕಣ್ಣಿಗೆ ಡಾಕ್ಟರು ಸಾಕು ಅನ್ನುವವರೆಗೂ ಹನಿ ಹಾಕು, ನಿನಗೆ ಸಾಕು ಅನ್ನಿಸುವವರೆಗೆ ಅಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೋ ಇಲ್ಲವೋ ನಿನ್ನ ಕಾರ್ಡಿನಿಂದ ಗೊತ್ತಾಗುವುದಿಲ್ಲ. ಹೋದ ತಿಂಗಳ ಕಾರ್ಡಿನಲ್ಲಿ 'ಆರೋಗ್ಯ' ಎಂದು ಒಂದೇ ಪದ ಬರೆದು ಕೆಳಗೆ ಗೆರೆ ಎಳೆದಿದ್ದೀಯ. ಅದು ಇದೆಯೋ ಹೋಯಿತೋ ಬರೆಯಲು ಜಾಗ ಸಾಲಲಿಲ್ಲವೇ? ತಿಂಗಳಿಗೆ ಎರಡು ಸಾಲು ಬರೆಯುವವನಿಗೆ ನಾನು ನಾಲ್ಕು ಹಾಳೆ ಬರೆಯಲು ಕೂತಿದ್ದೇನೆ. ಒತ್ತಕ್ಷರ ತಪ್ಪಿದ ಕಡೆ ನೀನೇ ತಿದ್ದಿಕೊಂಡು ಓದು. ಆರನೇ ತರಗತಿಗೆ ಶಾಲೆ ಬಿಟ್ಟವಳ ಕೈಬರಹ ಇದು, ಇದಕ್ಕಿಂತ ನೆಟ್ಟಗಾಗುವುದಿಲ್ಲ.

ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಯಂತ್ರ ತುಳಿಯುವಾಗ ತಕರಾರು ಮಾಡುತ್ತದೆ, ಬೈದರೆ ಸುಮ್ಮನಾಗುತ್ತದೆ. ಮನೆಯೂ ಇದ್ದ ಹಾಗೇ ಇದೆ. ಕೋಣೆಯ ಈ ಕಡೆ ಕಿಟಕಿಗೆ ನನ್ನ ಯಂತ್ರ, ಆ ಕಡೆ ಗೋಡೆಗೆ ನಿನ್ನ ಉದ್ದ ಮೇಜು, ಮಧ್ಯೆ ಬಟ್ಟೆಯ ಚೂರು. ನಿನ್ನ ಕುರ್ಚಿಯ ಮೇಲೆ ಯಾರನ್ನೂ ಕೂರಲು ಬಿಟ್ಟಿಲ್ಲ. ಅದರ ಮೇಲೆ ಅರೆಬರೆ ಹೊಲಿದ ಬಟ್ಟೆ ಪೇರಿಸಿಟ್ಟಿದ್ದೇನೆ, ಖಾಲಿ ಕಂಡರೆ ನನಗೆ ಸಿಟ್ಟು ಬರುತ್ತದೆ. ಆರು ಗಂಟೆಗೆ ಗೇಟು ಸದ್ದಾದರೆ ಈಗಲೂ ಕತ್ತು ತಾನಾಗಿ ಆ ಕಡೆ ತಿರುಗುತ್ತದೆ. ನೋಡಿದರೆ ಹಾಲಿನವನು. ಪಾಪ, ತಪ್ಪೇನೂ ಮಾಡದೆ ದಿನಾ ನನ್ನಿಂದ ಬೈಸಿಕೊಳ್ಳುತ್ತಿದ್ದಾನೆ.

ನೀನು ಪಾಠ ನಿಲ್ಲಿಸಿ ಹೋದರೂ ನಿನ್ನ ಹುಡುಗರು ಪೂರ್ತಿ ನಿಂತಿಲ್ಲ. ಹುಡುಗರು ಅನ್ನುವುದು ಬಾಯಿ ಮಾತಿಗೆ, ಎಲ್ಲರಿಗೂ ತಲೆ ನೆರೆತಿದೆ. ಮೂರು ಜನ ಬರುತ್ತಾರೆ. ಅಂಕಿಸಂಖ್ಯೆಯ ಪರೀಕ್ಷೆ ಎರಡನೇ ಸಲ ಕಟ್ಟಿರುವ ನರ್ಸಮ್ಮ, ಐವತ್ತರ ಹತ್ತಿರ ಡಿಪ್ಲೊಮಾ ಹುಚ್ಚು ಹಿಡಿಸಿಕೊಂಡ ಬಸ್ ಡ್ರೈವರ್, ಅಂಗಡಿ ಮುಚ್ಚಿದ ಮೇಲೆ ಹಣಕಾಸಿನ ಪುಸ್ತಕ ಹಿಡಿಯುವ ಬೇಕರಿಯವಳು. ಮೊದಲ ದಿನ ಬಂದಾಗ, ಮೇಷ್ಟ್ರು ಇಲ್ಲ, ಹೋಗಿ ಅಂದೆ. ಡ್ರೈವರ್ ಚಪ್ಪಲಿ ಬಿಟ್ಟು ಒಳಗೆ ಬಂದವನೇ, "ಮೇಷ್ಟ್ರಿಲ್ದಿದ್ರೆ ಏನಂತೆ, ಬೈಯೋಕೆ ನೀವಿದ್ದೀರಲ್ಲ ಅಕ್ಕ" ಅಂದ. ಕೂರಿ ಅಂದೆ. ಮೂವತ್ತು ವರ್ಷ ನೀನು ಆ ಗೋಡೆಯ ಹತ್ತಿರ ಹೇಳಿಕೊಟ್ಟದ್ದೆಲ್ಲ ಈ ಕಿಟಕಿಯವರೆಗೂ ಕೇಳಿಸುತ್ತಿತ್ತು. ನಾನು ಕಿವಿಗೆ ಹತ್ತಿ ಇಟ್ಟುಕೊಂಡಿರಲಿಲ್ಲ. ಈಗ ನಾಲ್ವರೂ ನಿನ್ನ ಹಳೆಯ ನೋಟ್‌ಬುಕ್ಕುಗಳನ್ನು ಹರಡಿಕೊಂಡು ಒಂದೊಂದೇ ಲೆಕ್ಕ ಬಿಡಿಸುತ್ತೇವೆ. ನಗಬೇಡ.

ಡ್ರೈವರನ ಲೆಕ್ಕದಲ್ಲಿ ಗಂಟೆಗೆ ಮೂವತ್ತಾರು ಕಿಲೋಮೀಟರ್ ವೇಗದ ಬಸ್ಸು ಬ್ರೇಕು ಒತ್ತಿದ ಮೇಲೆ ಇಪ್ಪತ್ತು ಮೀಟರಿನಲ್ಲಿ ನಿಲ್ಲಬೇಕು. ವೇಗ ಸೆಕೆಂಡಿಗೆ ಎಷ್ಟು ಕಡಿಮೆಯಾಗುತ್ತಾ ಹೋಗುತ್ತದೆ ಎಂದು ಪ್ರಶ್ನೆ. ಎರಡೂವರೆ ಬಂತು. ಅವನು ಆ ಎರಡೂವರೆಯನ್ನು ಬಹಳ ಹೊತ್ತು ನೋಡಿ, "ಹಿಂಗೆ ನಿಲ್ಸಿದ್ರೆ ಹಿಂದಿನ ಸೀಟಿನ ಅಜ್ಜಿ ನನ್ನ ತೊಡೆ ಮೇಲಿರ್ತಾರೆ. ಮೇಷ್ಟ್ರ ಬಸ್ಸಲ್ಲಿ ಜನ ಹತ್ತೋದೇ ಇಲ್ಲ ಬಿಡಿ" ಅಂದ. ನರ್ಸಮ್ಮ ನಕ್ಕು ನಕ್ಕು ಮೇಜಿಗೆ ತಲೆ ಒರಗಿಸಿದಳು. ನೀನಿದ್ದಿದ್ದರೆ ಏನಾದರೂ ಒಂದು ಮಾತು ತಿರುಗಿಸಿ ಹೇಳುತ್ತಿದ್ದೆ. ಏನು ಹೇಳುತ್ತಿದ್ದೆ ಎಂದು ಆ ದಿನವೆಲ್ಲ ಯೋಚಿಸಿದೆ, ಹೊಳೆಯಲಿಲ್ಲ.

ಬೇಕರಿಯವಳ ಲೆಕ್ಕ ಕೇಳಿ ಮಾತ್ರ ನನಗೆ ನಿಜವಾಗಿ ರೇಗಿತು. ಎರಡು ವರ್ಷ ಬಿಟ್ಟು ಕೈಗೆ ಬರುವ ನೂರಕ್ಕೆ ಇವತ್ತಿನ ಬೆಲೆ ಎಂಬತ್ತೆರಡು ಚಿಲ್ಲರೆಯಂತೆ, ನೂರಕ್ಕೆ ಹತ್ತರ ಬಡ್ಡಿಯಲ್ಲಿ. ತಡವಾಗಿ ಬರುವುದೆಲ್ಲ ತಡವಾದಷ್ಟೂ ಕಡಿಮೆ ಬಾಳುತ್ತದಂತೆ. ಈ ಪುಸ್ತಕ ಬರೆದವನು ಯಾರನ್ನೂ ಕಾದು ಕೂತವನಲ್ಲ ಅಂದೆ. ತಿಂಗಳಿಗೊಂದು ಬರುವ ಕಾರ್ಡು ದಿನಾ ಬರುವ ಕಾರ್ಡಿಗಿಂತ ಕಡಿಮೆಯೋ ಹೆಚ್ಚೋ ಅವನೇ ಬಂದು ನನ್ನ ಹತ್ತಿರ ಹೇಳಲಿ. ಬೇಕರಿಯವಳು ಅದನ್ನೂ ಬರೆದುಕೊಂಡಳು. ಪರೀಕ್ಷೆಯಲ್ಲಿ ಬರೆದಾಳು ಎಂಬ ಭಯ ನನಗಿದೆ.

ಇಷ್ಟು ಹೊತ್ತು ಊರ ಸುತ್ತ ಸುತ್ತಿ ಬಂದೆ. ಹೇಳಬೇಕಾದ ಮಾತಿಗೆ ಬರುತ್ತೇನೆ.

ಹೋದ ಜುಲೈಯಲ್ಲಿ ನೀನು, ನಿನ್ನ ಹತ್ತಿರ ಹುಡುಗರನ್ನು ಪಾಠಕ್ಕೆ ಕಳಿಸುತ್ತಿದ್ದ ಆ ಸಂಸ್ಥೆಯಿಂದ ವಾಪಸು ಬಂದ ಸಂಜೆ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಬ್ಯಾಗು ಕೆಳಗಿಡದೆ ಹಾಗೇ ಕೂತಿದ್ದೆ. ಹದಿನಾಲ್ಕು ಜನ ಪರೀಕ್ಷೆಯಲ್ಲಿ ಒಂದೇ ತಪ್ಪು ಮಾಡಿದ್ದಾರೆ, ಕೇಳಿದರೆ ಮೇಷ್ಟ್ರ ಮನೆಯಲ್ಲಿ ಹೀಗೇ ಸರಿ ಅಂದರು ಅನ್ನುತ್ತಾರೆ ಎಂದು ಅಲ್ಲಿಯ ಮುಖ್ಯಸ್ಥ ಆ ಹುಡುಗರ ಹಾಳೆಗಳನ್ನು ನಿನ್ನ ಮುಂದೆ ಹರಡಿದನಂತೆ. ಮೇಷ್ಟ್ರೇ ವಯಸ್ಸಾಯಿತು, ಸ್ವಲ್ಪ ವಿಶ್ರಾಂತಿ ತಗೊಳ್ಳಿ ಅಂದನಂತೆ. ಅದೆಲ್ಲ ನೀನು ಸಿಟ್ಟಿಲ್ಲದೆ ಹೇಳಿದೆ. ಆಮೇಲೆ ತಲೆ ತಗ್ಗಿಸಿ ಹೇಳಿದೆ: "ಅಕ್ಕ, ನಂಗೆ ಮರೆವು ಶುರುವಾಗಿದೆ. ಅಮ್ಮನಿಗೂ ಹೀಗೇ ಅಲ್ವಾ ಶುರುವಾಗಿದ್ದು."

ಅಮ್ಮನಿಗೆ ಶುರುವಾದದ್ದು ಗುಂಡಿಯಿಂದ. ಮೇಲಿನ ಗುಂಡಿಯನ್ನು ಕೆಳಗಿನ ಕಾಜಕ್ಕೆ ಹಾಕಿಕೊಂಡು ಬಂದು ನಿಂತಿದ್ದಳು, ಕೊನೆಗೆ ನನ್ನನ್ನೇ ಯಾರಮ್ಮ ನೀನು ಎಂದು ಕೇಳುವಲ್ಲಿಗೆ ಬಂತು. ಒಂಬತ್ತು ವರ್ಷ. ನಿನಗೆ ಅದು ನೆನಪಿತ್ತು, ಅದಕ್ಕೇ ಹೊರಟೆ. ಇನ್ನೊಂದು ಸಲ ಆ ಚಾಕರಿ ನಿನಗೆ ಬೇಡ ಅಕ್ಕ ಎಂದು ಬಾಗಿಲಲ್ಲಿ ನಿಂತು ಹೇಳಿದೆ, ನಾನು ಯಂತ್ರದಿಂದ ತಲೆ ಎತ್ತಲಿಲ್ಲ. ಈಗ ಸ್ನೇಹಿತನ ಅಚ್ಚುಮನೆಯಲ್ಲಿ ಗೈಡು ಪುಸ್ತಕದ ಲೆಕ್ಕಗಳನ್ನು ಒಂದೊಂದೇ ಅಂಕಿ ಗಟ್ಟಿಯಾಗಿ ಓದುತ್ತೀಯಂತೆ, ಎದುರಿಗೆ ಕೂತವನು ತಾಳೆ ನೋಡುತ್ತಾನಂತೆ. 'ಓದುವುದು ಮಾತ್ರ, ಬಿಡಿಸುವುದಿಲ್ಲ' ಎಂದು ಬರೆದಿದ್ದೀಯ. ಆ ಸಾಲನ್ನು ಓದಿದ ದಿನ ನಾನು ಒಂದು ಅಂಗಿಯ ಎರಡು ತೋಳನ್ನೂ ಒಂದೇ ಕಡೆಗೆ ಕತ್ತರಿಸಿದೆ. ನಲವತ್ತೆಂಟು ವರ್ಷದಲ್ಲಿ ಮೊದಲ ಸಲ.

ಕೇಳು. ನಿನಗೆ ಮರೆವು ಬಂದಿಲ್ಲ.

ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ, ನನಗೆ ಸಮಾಧಾನ ಹೇಳಲು ಬರುವುದಿಲ್ಲ ಎಂದು ನಿನಗೆ ಗೊತ್ತು. ಹೋದ ವಾರ ನರ್ಸಮ್ಮನ ಜೊತೆ, ಆ ಹದಿನಾಲ್ಕು ಜನ ಇಲ್ಲಿ ಕಲಿತು ಹೋದ ಅದೇ ಲೆಕ್ಕಕ್ಕೆ ಕೂತೆ. ಹತ್ತು ಪೊಟ್ಟಣಗಳ ತೂಕ ಕೊಟ್ಟಿದ್ದಾರೆ, ಅವು ಸರಾಸರಿಯಿಂದ ಎಷ್ಟು ಚೆದುರಿವೆ ಎಂದು ಕಂಡುಹಿಡಿಯಬೇಕು. ಒಂದೊಂದರ ದೂರ ಅಳೆದು, ವರ್ಗ ಮಾಡಿ ಕೂಡಿದರೆ ತೊಂಬತ್ತು. ಅದನ್ನು ಹತ್ತರಿಂದ ಭಾಗಿಸಿ ವರ್ಗಮೂಲ ತೆಗೆದರೆ ಮೂರು. ಒಂಬತ್ತರಿಂದ ಭಾಗಿಸಿದರೆ ಮೂರು ಪಾಯಿಂಟ್ ಒಂದು ಆರು. ಹದಿನಾಲ್ಕು ಜನವೂ ಪರೀಕ್ಷೆಯಲ್ಲಿ ಇಂಥದೇ ಲೆಕ್ಕಕ್ಕೆ ಪೂರ್ತಿ ಸಂಖ್ಯೆಯಿಂದ ಭಾಗಿಸಿದ್ದರು. ಒಂದು ಕಡಿಮೆ ಮಾಡಬೇಕಿತ್ತು. ನೀನು ಪಾಠ ಮಾಡಿದ ನೋಟ್‌ಬುಕ್ ತೆಗೆದು ನೋಡಿದೆ. ಏಪ್ರಿಲ್ ತಿಂಗಳ ಪುಟ. ಕೆಂಪು ಶಾಯಿಯಲ್ಲಿ 'ಒಂದು ಕಡಿಮೆ' ಎಂದು ಬರೆದು ಎರಡು ಗೆರೆ ಎಳೆದಿದ್ದೀಯ. ನೀನು ಸರಿಯಾಗೇ ಹೇಳಿಕೊಟ್ಟಿದ್ದೆ. ನನ್ನ ಗುಂಡಿ ಡಬ್ಬಿಗೆ ಹಾಕಿದ ಉತ್ತರದ ಚೀಟಿಯಲ್ಲೂ ಸರಿಯಾಗೇ ಬರೆದಿದ್ದೆ. ಆ ಚೀಟಿ ಸಿಕ್ಕಿದೆ, ಈ ಲಕೋಟೆಯಲ್ಲೇ ಇದೆ, ಬಿಚ್ಚಿ ನೋಡಿಕೋ. ನಿನ್ನದೇ ಕೈ, ನಿನ್ನದೇ ಹಸಿರು ಪೆನ್ನು, 3.16.

ಒಂದು ಯಾಕೆ ಕಡಿಮೆ ಮಾಡಬೇಕು ಎಂದು ನರ್ಸಮ್ಮ ಕೇಳಿದಳು. ನೀನು ಹೇಳುತ್ತಿದ್ದದ್ದು ನೆನಪಾಯಿತು, ಆದರೆ ನನಗೆ ಬಟ್ಟೆಯಲ್ಲಿ ಹೇಳಿದರೇ ಸಲೀಸು. ಹತ್ತು ಮಕ್ಕಳ ಅಂಗಿಯ ಉದ್ದದ ಸರಾಸರಿ ಇಷ್ಟು ಎಂದು ಮೊದಲೇ ಗೊತ್ತಾಗಿಬಿಟ್ಟರೆ, ಒಂಬತ್ತು ಮಕ್ಕಳನ್ನು ಅಳೆದ ಮೇಲೆ ಹತ್ತನೆಯ ಮಗುವಿಗೆ ಟೇಪು ಹಿಡಿಯಬೇಕಾಗಿಯೇ ಇಲ್ಲ. ಮಿಕ್ಕ ಒಂಬತ್ತೂ ತಮಗೆ ಬೇಕಾದಷ್ಟು ಉದ್ದವೋ ಗಿಡ್ಡವೋ ಇರಬಹುದು. ಹತ್ತನೆಯದು ಮಾತ್ರ ಅವು ಬಿಟ್ಟ ಜಾಗಕ್ಕೆ ಸರಿಯಾಗಿ ಕೂರಬೇಕು, ಅದಕ್ಕೆ ತನ್ನ ಇಷ್ಟ ಅನ್ನುವುದು ಉಳಿದಿರುವುದಿಲ್ಲ. ಹಾಗಾಗಿ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಷ್ಟು ಹೇಳಿ ಮುಗಿಸಿದವಳು ತಲೆ ತಗ್ಗಿಸಿ ಬಟ್ಟೆಯ ಚೂರುಗಳನ್ನು ಕೆದಕತೊಡಗಿದೆ. ನರ್ಸಮ್ಮ ಏನಾಯಿತಕ್ಕ ಅಂದಳು. ಸೂಜಿ ಹುಡುಕುತ್ತಿದ್ದೇನೆ ಅಂದೆ.

ನಿನ್ನನ್ನು ಓದಿಸಬೇಕೆಂದು ಅಪ್ಪ ನನ್ನ ಚೀಲ ಇಳಿಸಿದಾಗ ನನಗೆ ಹನ್ನೊಂದು. ಅದಕ್ಕೆ ನನಗೆ ನಿನ್ನ ಮೇಲೆ ಸಿಟ್ಟಿರಲಿಲ್ಲ. ಸಿಟ್ಟೆಲ್ಲ ಅಪ್ಪನ ಮೇಲೆ, ಅದೂ ಅವನು ಸತ್ತ ಮೇಲೆ ಹಿಡಿದುಕೊಳ್ಳಲು ಜಾಗ ಸಿಗದೆ ಹೋಯಿತು. ಆದರೆ ನೀನು ಈ ಕೋಣೆಯಲ್ಲಿ ಪಾಠ ಶುರು ಮಾಡಿದ ವರ್ಷ ಒಂದು ಪದ್ಧತಿ ಮಾಡಿದೆಯಲ್ಲ, ಅದು ನಿನಗೆ ಆಟವಿದ್ದಿರಬಹುದು, ನನಗಲ್ಲ. ಉತ್ತರಗಳನ್ನೆಲ್ಲ ಚೀಟಿಯಲ್ಲಿ ಬರೆದು, ಮಡಚಿ, ನನ್ನ ಗುಂಡಿ ಡಬ್ಬಿಗೆ ಹಾಕಿದೆ. "ಉತ್ತರ ಅಕ್ಕನ ಹತ್ರ ಇದೆ. ಮಾಡ್ಕೊಂಡು ಹೋಗಿ ತೋರ್ಸಿ. ಅಕ್ಕ ಸರಿ ಅಂದ್ರೆ ಸರಿ" ಎಂದು ಎಲ್ಲರೆದುರಿಗೆ ಹೇಳಿದೆ. ಅವತ್ತಿನಿಂದ ಕಾಲೇಜಿನವರು, ಆಫೀಸಿನವರು, ಎಂಥೆಂಥವರೋ ನೋಟ್‌ಬುಕ್ ಹಿಡಿದು ನನ್ನ ಯಂತ್ರದ ಮುಂದೆ ಕೈಕಟ್ಟಿ ನಿಂತರು. ನಾನು ಡಬ್ಬಿ ತೆಗೆದು ಚೀಟಿ ಬಿಚ್ಚಿ ತಾಳೆ ನೋಡಿ, ಸರಿ, ಅಥವಾ ಹೋಗು, ಮತ್ತೆ ಮಾಡು. ಅಷ್ಟೇ ಮಾತು. ನನಗೆ ಸಿಕ್ಕ ಶಾಲೆ ಅದೊಂದೇ, ತಮ್ಮಾ. ಅದು ನಿನಗೆ ಗೊತ್ತಿತ್ತೋ ಏನೋ, ನಾವು ಯಾವತ್ತೂ ಮಾತಾಡಲಿಲ್ಲ.

ಈಗ ಆ ಅಚ್ಚುಮನೆಗೆ ಹೇಳು, ಓದುವವನನ್ನು ಬೇರೆ ನೋಡಿಕೊಳ್ಳಲಿ. ನಿನ್ನ ತಲೆ ನೆಟ್ಟಗಿದೆ. ವಾಪಸು ಬಾ. ಬರುವಾಗ ಆ ಹರಿದ ಸ್ವೆಟರು ತಾ, ಮೊಣಕೈಗೆ ತೇಪೆ ಹಾಕಬೇಕು. ನಿನ್ನ ಸ್ನೇಹಿತನಿಗೂ ಅವನ ಮನೆಯವಳಿಗೂ ನನ್ನ ನಮಸ್ಕಾರ ತಿಳಿಸು, ಎಂಟು ತಿಂಗಳು ನಿನ್ನನ್ನು ಸಹಿಸಿಕೊಂಡಿದ್ದಾರೆ. ನೂರು ವರ್ಷ ಬದುಕು, ಆದರೆ ಅಲ್ಲಿ ಅಲ್ಲ.

ಇಂತಿ,
ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ. ಡ್ರೈವರ್ ನಿಮ್ಮೂರಿಗೆ ಗಾಡಿ ಬಿಡುವವನು, ಕಾಗದ ಕೈಗೇ ಕೊಡುತ್ತೇನೆ ಎಂದು ಬಾಗಿಲಲ್ಲಿ ನಿಂತಿದ್ದಾನೆ, ಹೊತ್ತಾಯಿತು ಅನ್ನುತ್ತಿದ್ದಾನೆ. ಬೇಗ ಬರೆಯುತ್ತೇನೆ. ಚೀಟಿ ಕಳೆದಿರಲೇ ಇಲ್ಲ. ನೀನು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಒಳಗೆ ಮಲಗಿದ್ದ ವಾರ ನರ್ಸಮ್ಮ ಆ ಲೆಕ್ಕಕ್ಕೆ ಮೂರು ಎಂದು ತಂದಳು. ಎರಡು ಸಲ ವಾಪಸು ಕಳಿಸಿದೆ. ಮೂರನೇ ಸಲವೂ ಮೂರೇ, ಕಣ್ಣಲ್ಲಿ ನೀರು, ಡ್ಯೂಟಿಗೆ ಹೊತ್ತಾಗಿತ್ತು. ನನ್ನ ಮುಂದೆ ಇಪ್ಪತ್ತೆರಡು ಅಂಗಿ ಬಾಕಿ. ಚೀಟಿಯಲ್ಲಿ 3.16. ಆ ಪಾಯಿಂಟ್ ಒಂದು ಆರು ಎಷ್ಟು ಮಹಾ, ಹೊಲಿಗೆಯೊಳಗೆ ಮಡಚಿಕೊಂಡು ಹೋಗುವಷ್ಟು ಬಟ್ಟೆ ಎಂದುಕೊಂಡು ಸರಿ ಅಂದುಬಿಟ್ಟೆ. ಆಮೇಲೆ ಬಂದವರಿಗೆಲ್ಲ ಅದೇ ಸರಿ. 3.16 ತಂದ ಒಬ್ಬಿಬ್ಬರೂ ಮಿಕ್ಕವರನ್ನು ನೋಡಿ ಹೊಡೆದುಹಾಕಿ ತಿದ್ದಿಕೊಂಡರು. ನಿನ್ನ ಮಂಚ ಹನ್ನೆರಡು ಹೆಜ್ಜೆ ದೂರದಲ್ಲಿತ್ತು, ಎದ್ದು ಬಂದು ಕೇಳಲಿಲ್ಲ. ಜುಲೈಯಲ್ಲಿ ನೀನು ಆ ಚೀಟಿ ಎಲ್ಲಿ ಅಕ್ಕ ಎಂದು ಕೇಳಿದಾಗ ಚೂರುಬಟ್ಟೆಯ ಜೊತೆ ಗುಡಿಸಿಹೋಯಿತು ಅಂದೆ. ಅದು ಡಬ್ಬಿಯಲ್ಲೇ ಇತ್ತು. ಗೊತ್ತಾದರೆ ಡಬ್ಬಿ ನನ್ನಿಂದ ಕಿತ್ತುಕೊಳ್ಳುತ್ತೀಯ ಎಂದು ಹೆದರಿದೆ. ನೀನು ಅಮ್ಮನ ಹೆಸರು ಎತ್ತಿದಾಗಲೂ ಬಾಯಿ ಬಿಡಲಿಲ್ಲ, ಬಾಗಿಲು ದಾಟುವಾಗಲೂ. ನಿನ್ನೆ ಸಂಸ್ಥೆಗೆ ಹೋಗಿ ಮುಖ್ಯಸ್ಥನಿಗೆ ಹೇಳಿದೆ, ನರ್ಸಮ್ಮನಿಗೂ ಹೇಳಿದೆ. ಅವನು ಬಹಳ ಮಾತಾಡಿದ. ಅವಳು ಮುಂದಿನ ಲೆಕ್ಕ ತೆಗೆದು ನನ್ನ ಮುಂದೆ ಇಟ್ಟಳು. ಅದನ್ನು ನಾನೊಬ್ಬಳೇ ಕೂತು ಬಿಡಿಸಿದ್ದೇನೆ, ಒಂದು ಕಡಿಮೆ ಮಾಡಿಯೇ ಭಾಗಿಸಿದ್ದೇನೆ, ಕೊನೆಯ ಹಾಳೆಯ ಹಿಂದೆ ಇದೆ. ಡಬ್ಬಿ ನೀನೇ ಇಟ್ಟುಕೋ ಬೇಕಾದರೆ. ಆದರೆ ಬಂದು ನೋಡಿ ಹೇಳು, ಸರಿಯೋ, ಮತ್ತೆ ಮಾಡಬೇಕೋ. ಈ ಲೆಕ್ಕಕ್ಕೆ ನೀನು ಚೀಟಿ ಬರೆದಿಟ್ಟಿಲ್ಲ.