ಕೋವಿ ತನ್ನಿ ಎಂದವರೂ ನೀವೇ, ಹಿಡಿದವರೂ ನೀವೇ

ಮಾನ್ಯ ಪೊಲೀಸ್ ಉಪಾಧೀಕ್ಷಕರೇ,

ನಿಮ್ಮ ಠಾಣೆಯವರು ಫೋನ್ ಮಾಡಿ ಕರೆದರು, ನನ್ನ ಗಂಡ ಹೋದರು, ಹೋದವರನ್ನು ವಾರಂಟಿಲ್ಲದೆ ಬಂಧಿಸಿದರು. ನನ್ನ ದೂರು ಇಷ್ಟೇ. ಕಳ್ಳನನ್ನು ಹುಡುಕಿಕೊಂಡು ಪೊಲೀಸರು ಹೋಗುವುದನ್ನು ಕೇಳಿದ್ದೆ. ಪೊಲೀಸರ ಮಾತು ನಂಬಿ ಠಾಣೆಯ ಮೆಟ್ಟಿಲು ಹತ್ತಿದವರು ಕಳ್ಳರಾಗುವುದನ್ನು ಈ ವಯಸ್ಸಿನಲ್ಲಿ ನೋಡಬೇಕಾಯಿತು.

ನಾರಾವಿ ಬದಿಯ ನಮ್ಮ ಹಳ್ಳಿಯಲ್ಲಿ ಬೆಳೆ ಕಾಯಲು ಲೈಸೆನ್ಸಿನ ಕೋವಿ ಇಟ್ಟುಕೊಂಡವರು ಹಲವರು. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಬೇಕು, ಮುಗಿದ ಮೇಲೆ ವಾಪಸು ತರಬೇಕು. ಮುದುಕರು, ಕಾಯಿಲೆಯವರು ಇದ್ದರೆ ಅವರ ಕೋವಿಯನ್ನು ನೆರೆಯವರು ಒಯ್ಯುವುದು ಇಲ್ಲಿಯ ಕ್ರಮ. ನಿಮ್ಮ ಠಾಣೆಗೆ ಇದು ಗೊತ್ತಿಲ್ಲದ್ದೇನಲ್ಲ. ಈ ಸಲ ನನ್ನ ಗಂಡ ಮುಂಡಪ್ಪನವರು ಜಗಲಿಯಲ್ಲಿ ಕೂತು ಕೋವಿಗೆ ಎಣ್ಣೆ ಹಚ್ಚುತ್ತಿದ್ದರು, ಠಾಣೆಯ ಕೋಣೆಯಲ್ಲಿ ಅದು ತುಕ್ಕು ಹಿಡಿಯುತ್ತದೆಂದು. ಆಗ ಬೀಟ್ ಪೊಲೀಸರ ಫೋನ್ ಬಂತು. ನನ್ನ ಗಂಡನ ಕೈಯೆಲ್ಲ ಎಣ್ಣೆಯಾಗಿದ್ದರಿಂದ ಸ್ಪೀಕರ್ ಹಾಕಿ ಹಿಡಿದವಳು ನಾನೇ.

“ಮುಂಡಪ್ಪಣ್ಣ, ಬರುವಾಗ ಪುಷ್ಪರಾಜಣ್ಣಂದೂ ಹಿಡ್ಕೊಂಡು ಬನ್ನಿ ಮಾರಾಯ್ರೆ. ಅವರಿಗೆ ಮೂಡುಬಿದಿರೆಯಲ್ಲಿ ಕಣ್ಣಿನ ಆಪರೇಶನ್ ಆಗಿದೆಯಲ್ಲ. ಒಟ್ಟಿಗೇ ಮುಗಿಸುವ.”

ಪುಷ್ಪರಾಜರು ನಮ್ಮ ನೆರೆಮನೆಯ ಜೈನರು. ಎರಡು ಕೋವಿ ಹಿಡಿದು ನಾವಿಬ್ಬರೂ ಆಟೋದಲ್ಲಿ ಹೋದೆವು. ಹೊಸದಾಗಿ ಬಂದ ಎಸ್‌ಐ ಸಾಹೇಬರು ಎರಡನೆಯದು ಯಾರದೆಂದು ಕೇಳಿದರು.

“ಪುಷ್ಪರಾಜಣ್ಣಂದು ಸರ್. ನಿಮ್ಮವರೇ ತರ್ಲಿಕ್ಕೆ ಹೇಳಿದ್ದು,” ಎಂದರು ನನ್ನ ಗಂಡ.

ಬೀಟ್ ಪೊಲೀಸರು ಗೋಡೆ ನೋಡಿದರು. “ನಾನು ಹಾಗೆ ಹೇಳ್ಲಿಲ್ಲ ಸರ್.”

ನನ್ನ ಕೈಯ ನೀರುದೋಸೆ ಎಷ್ಟೋ ಸಲ ತಿಂದ ಬಾಯಿ ಅದು. ನಂಬಿಸಿ ಕುತ್ತಿಗೆ ಕೊಯ್ಯುವುದೆಂದರೆ ಇದೇ ಅಲ್ಲವೇ?

ಬೇರೆಯವರ ಕೋವಿ ಸಾಗಿಸಿದರೆಂದು ಅಲ್ಲೇ ಬಂಧನವಾಯಿತು. ಸುದ್ದಿ ತಿಳಿದು ಪುಷ್ಪರಾಜರು ಕಪ್ಪು ಕನ್ನಡಕದಲ್ಲಿ ತಡವರಿಸುತ್ತಾ ಬಂದು, “ಕೋವಿ ನಂದು ಸರ್, ಕೊಟ್ಟದ್ದೂ ನಾನೇ. ಹಿಡಿಯುವುದಾದ್ರೆ ನನ್ನನ್ನು ಹಿಡೀರಿ,” ಎಂದರು. ಅವರನ್ನು ಬೆಂಚಿನ ಮೇಲೆ ಕೂರಿಸಿ, ನನ್ನ ಗಂಡನನ್ನು ಎರಡೂ ಕೋವಿಗಳ ಹಿಂದೆ ನಿಲ್ಲಿಸಿ ಫೋಟೋ ತೆಗೆದರು. ಮರುದಿನ ಬೆಳ್ತಂಗಡಿ ಕೋರ್ಟಿನಲ್ಲಿ ಜಾಮೀನು ಸಿಗುವಷ್ಟರಲ್ಲಿ ‘ಅಕ್ರಮ ಬಂದೂಕು ಸಾಗಾಟಗಾರ’ ಊರಿನ ಮೊಬೈಲುಗಳಲ್ಲೆಲ್ಲ ಇದ್ದರು.

ನಿಮಗೆ ಕಾನೂನು ಕಲಿಸುವಷ್ಟು ದೊಡ್ಡವಳು ನಾನಲ್ಲ. ವಕೀಲರು ಹೇಳಿದ್ದನ್ನು ಹೇಳುತ್ತೇನೆ. ಕೆಲವು ಅಪರಾಧಗಳಿಗೆ ವಾರಂಟಿಲ್ಲದೆ ಹಿಡಿಯಬಹುದು, ಒಪ್ಪಿದೆ. ಆದರೆ ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧವಾದರೆ, ಈತ ಓಡಿಹೋಗುತ್ತಾನೆ, ಸಾಕ್ಷ್ಯ ಅಳಿಸುತ್ತಾನೆ, ಸಾಕ್ಷಿಯನ್ನು ಹೆದರಿಸುತ್ತಾನೆ ಎಂಬಂಥ ಕಾರಣವಿರಬೇಕು, ಅದನ್ನು ಬರೆದಿಡಬೇಕು. ಇಲ್ಲವಾದರೆ ನೋಟಿಸು ಕೊಟ್ಟು ಕರೆಸಬೇಕು ಎನ್ನುತ್ತದಂತೆ ನಾಗರಿಕ ಸುರಕ್ಷಾ ಸಂಹಿತೆ. ಓಡಿಹೋಗುವವನು ಬಾಡಿಗೆ ಆಟೋ ಮಾಡಿಕೊಂಡು ಠಾಣೆಗೇ ಬರುತ್ತಾನೆಯೇ? ಸಾಕ್ಷ್ಯ ಅಳಿಸುವವನು ಅದಕ್ಕೆ ಎಣ್ಣೆ ಹಚ್ಚಿ ತಂದು ನಿಮ್ಮ ಮೇಜಿನ ಮೇಲಿಡುತ್ತಾನೆಯೇ? ಇನ್ನು ಹೆದರಬೇಕಾಗಿದ್ದ ಸಾಕ್ಷಿ, ತನ್ನನ್ನೇ ಹಿಡಿಯಿರಿ ಎಂದು ನಿಮ್ಮ ಬೆಂಚಿನ ಮೇಲೆ ಕೂತು ಬೇಡುತ್ತಿದ್ದರು.

ಈಗ ನನ್ನ ಗಂಡನ ಲೈಸೆನ್ಸನ್ನು ಯಾಕೆ ರದ್ದು ಮಾಡಬಾರದೆಂದು ಕೇಳಿ ನೋಟಿಸು ಬಂದಿದೆ. ಅಂದು ನೆನಪಾಗದ ನೋಟಿಸು ಸರಕಾರಕ್ಕೆ ಇಂದು ನೆನಪಾಯಿತು! ಹಾಲಿನ ಸೊಸೈಟಿಗೂ ಅವರು ಹೋಗುವುದಿಲ್ಲ. “ಜನ ನೋಡ್ತಾರೆ ಕುಸುಮಾ, ನೀನೇ ಕೊಟ್ಟು ಬಾ,” ಎನ್ನುತ್ತಾರೆ. ಊರಿಡೀ ತಲೆಯೆತ್ತಿ ನಡೆದ ಮನುಷ್ಯ. ನನಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚು.

ಬಂಧನಕ್ಕೆ ಬರೆದಿಟ್ಟ ಕಾರಣವನ್ನು ನಮಗೆ ಕೊಡಿ. ಕಾರಣವೇ ಇಲ್ಲವಾದರೆ, ಪ್ರಕರಣ ಕೈಬಿಡಲು ಬರೆಯಿರಿ. ಆ ಫೋಟೋ ಹೋದಲ್ಲೆಲ್ಲ, ಅವರನ್ನು ಕರೆಸಿದ್ದು ನಾವೇ ಎಂದು ಠಾಣೆಯ ಹೆಸರಿನಲ್ಲಿ ತಿಳಿಸಿ.

ಇಂದು ಬೆಳಿಗ್ಗೆ ಠಾಣೆಯಿಂದ ಮತ್ತೆ ಫೋನ್. ಒಂದು ಸಹಿಗೆ ಬಂದು ಹೋಗಬೇಕಂತೆ. ಹೊರಗೆ ಮುಖ ತೋರಿಸದ ಮನುಷ್ಯ ಅಂಗಿ ಹಾಕಿ ಹೊರಟೇ ನಿಂತರು. “ಪೊಲೀಸ್ನವರು ಕರೆದಿದ್ದಾರಲ್ಲ, ಹೋಗದೆ ಹೇಗೆ?” ಎಂದರು. ಬಾಗಿಲಿಗೆ ಅಡ್ಡ ನಿಂತು ತಡೆದಿದ್ದೇನೆ. ಇನ್ನು ಮುಂದೆ ಕರೆಯುವುದಿದ್ದರೆ ಬರಹದಲ್ಲಿ ಕರೆಯಿರಿ.

ಇಂತಿ,
ಕರೆದರೆ ಈಗಲೂ ಬರುವವರ ಹೆಂಡತಿ,
ಕುಸುಮ