ನಾಲ್ವರು ಹೊರುವ ಕುರ್ಚಿ

ಮನೆ, ಮೂರನೇ ಮಹಡಿ
ಫೆಬ್ರವರಿ ೧೧, ಬೆಳಿಗ್ಗೆ

ಪ್ರೀತಿಯ ಇವಳೇ,

ಮಂಡಿನೋವು ಹೇಗಿದೆ? ಫೋನಿನಲ್ಲಿ ಕೇಳಿದರೆ ‘ಇದೆ ಹಾಗೇ’ ಎಂದು ಮಗಳ ಕೈಗೆ ದಾಟಿಸಿಬಿಡುತ್ತೀಯ. ಡಾಕ್ಟರು ಕೊಟ್ಟ ಮಂಡಿಪಟ್ಟಿ ಕಟ್ಟಿಕೊಳ್ಳುತ್ತಿದ್ದೀಯೋ, ಇಲ್ಲಾ ಕಪಾಟಿನಲ್ಲಿ ಮಡಿಸಿಟ್ಟು ಪಟ್ಟಿಯ ಆರೋಗ್ಯ ಕಾಪಾಡುತ್ತಿದ್ದೀಯೋ? ನಾನು ಚೆನ್ನಾಗಿದ್ದೇನೆ. ಅಡುಗೆ ಮಾತ್ರ ಕೈಗೆ ಒಗ್ಗಿಲ್ಲ, ನಿನ್ನೆಯೂ ಅನ್ನ ತಳ ಹಿಡಿಯಿತು.

ಮೊನ್ನೆ ಭಾನುವಾರ ನಮ್ಮ ಬೀದಿಯ ಸ್ವಯಂಸೇವಕರಿಗೆ ಸನ್ಮಾನವಾಯಿತು. ಸನ್ಮಾನವೆಂದರೆ ಕೆಳಗಿನ ಅಂಗಳದಲ್ಲಿ ಬೆಂಚು ಹಾಕಿ, ಎಲ್ಲರೂ ಚಹಾ ಕುಡಿದು, ಕೈ ನೋಯುವಷ್ಟು ಚಪ್ಪಾಳೆ ತಟ್ಟಿದ್ದು. ನೀನು ಮಗಳ ಮನೆಗೆ ಹೋಗಿ ಎರಡು ವರ್ಷವಾಯಿತಲ್ಲ, ಇವರ ವಿಷಯ ನಿನಗೆ ಗೊತ್ತಿಲ್ಲ. ಬೇಕರಿಯವನು, ಟೈಲರಮ್ಮ, ಬಸ್ ಡ್ರೈವರು, ಡ್ರಾಯಿಂಗ್ ಮೇಷ್ಟ್ರು, ಈ ನಾಲ್ವರು ಲಿಫ್ಟಿಲ್ಲದ ನಮ್ಮಂಥ ಕಟ್ಟಡಗಳಲ್ಲಿ ಕಾಲು ಕೈಕೊಟ್ಟವರನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸುತ್ತಾರೆ, ಹತ್ತಿಸುತ್ತಾರೆ. ಬಿಡಿಗಾಸು ಮುಟ್ಟುವುದಿಲ್ಲ. ನಮ್ಮ ಮೆಟ್ಟಿಲು ಎಲ್ಲಕ್ಕಿಂತ ಕಡಿದೆಂದು ವಾರಕ್ಕೊಮ್ಮೆ ಇಲ್ಲೇ ಅಭ್ಯಾಸ. ಕುರ್ಚಿಯಲ್ಲಿ ಭಾರಕ್ಕೆಂದು ಬೇಕರಿಯ ಹಿಟ್ಟಿನ ಮೂಟೆ.

ಹೋದ ತಿಂಗಳು ಆ ಮೂಟೆ ಹರಿದು ಮೆಟ್ಟಿಲೆಲ್ಲ ಬೆಳ್ಳಗಾಯಿತು. ಬೈಯಲೆಂದೇ ಇಳಿದು ಹೋದೆ. ಟೈಲರಮ್ಮ ನಕ್ಕು, ‘ನೀವೇ ಕೂತ್ಕೊಳ್ಳಿ ಸಾರ್, ಹಿಟ್ಟಿಗಿಂತ ಹಗುರ ಇದೀರಿ’ ಎಂದಳು. ನಾಲ್ಕು ಜನ ಹೊರುವ ಕಾಲ ನನಗಿನ್ನೂ ಬಂದಿಲ್ಲ ತಾಯಿ ಎಂದೆ. ಆದರೂ ಕೂತೆ, ಯಾಕೋ ಗೊತ್ತಿಲ್ಲ. ಮೊದಲ ಮಹಡಿಯವರೆಗೆ ಕಣ್ಣು ಮುಚ್ಚಿಕೊಂಡಿದ್ದೆ. ಬೇಕರಿಯವನು ಒಂದೊಂದು ಮೆಟ್ಟಿಲನ್ನೂ ಜೋರಾಗಿ ಎಣಿಸುತ್ತಾನೆ. ಯಾರ ಕೈ ಸೋತರೂ ‘ನಿಲ್ಲಿ’ ಅನ್ನುತ್ತಾರೆ, ಉಳಿದವರು ಗೊಣಗದೆ ನಿಲ್ಲುತ್ತಾರೆ. ನಲವತ್ತು ವರ್ಷ ಹತ್ತಿಳಿದರೂ ಐವತ್ತನಾಲ್ಕು ಮೆಟ್ಟಿಲಿವೆಯೆಂದು ನನಗೆ ಗೊತ್ತಾದದ್ದು ಅವತ್ತೇ. ನಾಚಿಕೆಯಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ನಮ್ಮ ಬಾಗಿಲಲ್ಲಿ ಇಳಿಸಿದಾಗ ಕಣ್ಣು ತುಂಬಿತು. ಹಿಟ್ಟು ಬಿತ್ತು ಎಂದೆ, ಯಾರೂ ನಂಬಲಿಲ್ಲ.

ಸನ್ಮಾನದ ದಿನ ಬೀದಿಗೇ ಹಿರಿಯನೆಂದು ನನ್ನನ್ನು ಮಾತಿಗೆ ಎಬ್ಬಿಸಿದರು. ಚರಂಡಿ ಕಟ್ಟಿಕೊಂಡರೆ ಒಂದು ಗಂಟೆ ಭಾಷಣ ಬಿಗಿಯುವ ನಿನ್ನ ಗಂಡ ನಾಲ್ಕು ಮಾತು ಆಡಿ ಕೂತುಬಿಟ್ಟ. ಈ ಬೀದಿಯಲ್ಲಿ ಬದುಕಿದ್ದೇನೆಂದು ಹೇಳಿಕೊಳ್ಳಲು ಹೆಮ್ಮೆ ಎಂದೆ. ಅದು ನಿಜ. ಇನ್ನೊಂದು ಮಾತು ಗಂಟಲಲ್ಲೇ ಉಳಿಯಿತು. ಆಮೇಲೆ ಬೇಕರಿಯವನು ಚಹಾ ತಂದುಕೊಟ್ಟು ಮೆಲ್ಲಗೆ, ‘ಅಮ್ಮನ್ನ ಯಾವಾಗ ಕರ್ಕೊಂಡ್ ಬರ್ತೀರಿ ಸಾರ್? ನಾವು ರೆಡಿ ಇದೀವಿ’ ಎಂದ. ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮೂರು ಮಹಡಿ ಹತ್ತಲಾರೆನೆಂದೇ ಅಲ್ಲವೇ ನೀನು ಹೋದದ್ದು? ಈಗ ದಾರಿಯಿದೆ. ಮನೆಗೆ ಬಾ. ನೀನಿಲ್ಲದೆ ನನಗೆ ಆಗುತ್ತಿಲ್ಲ.

ಮಗಳಿಗೂ ಅಳಿಯನಿಗೂ ಆಶೀರ್ವಾದ. ನಿನಗೆ ಆಶೀರ್ವಾದ ಮಾಡುವಷ್ಟು ದೊಡ್ಡವನು ನಾನಲ್ಲ, ಬರೀ ಪ್ರೀತಿ.

ನಿನ್ನ
‘ಏನೂಂದ್ರೆ’

ತಾ.ಕ.: ಅಂಟಿಸಿದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ನೀನು ಹೊರಡುವ ಹಿಂದಿನ ವಾರ ಬೇಕರಿಯವನೂ ಟೈಲರಮ್ಮನೂ ನಮ್ಮ ಬಾಗಿಲಿಗೆ ಬಂದಿದ್ದರು. ನಿನ್ನನ್ನು ಬೇಕೆಂದಾಗ ಇಳಿಸಿ ಹತ್ತಿಸುತ್ತೇವೆ ಎಂದರು. ನೀನು ಒಳಗೆ ಮಲಗಿದ್ದೆ. ನನ್ನ ಹೆಂಡತಿಯನ್ನು ಹೊರುವುದನ್ನು ಬೀದಿಯವರೆಲ್ಲ ನೋಡುವುದು ಬೇಡವೆಂದು, ನಿನ್ನನ್ನು ಒಂದು ಮಾತೂ ಕೇಳದೆ, ‘ಅದೆಲ್ಲ ನಮಗೆ ಬೇಡ’ ಎಂದು ಕಳಿಸಿದವನು ನಾನು. ಮರ್ಯಾದೆ ನನ್ನದು, ಮನೆ ಬಿಟ್ಟವಳು ನೀನು. ಬರುವ ಭಾನುವಾರ ಹತ್ತು ಗಂಟೆಗೆ ಅವರು ಕುರ್ಚಿ ಹಿಡಿದು ಕೆಳಗೆ ನಿಂತಿರುತ್ತಾರೆ. ಬೈಯುವುದಿದ್ದರೆ ಅದರಲ್ಲಿ ಕೂತೇ ಬೈಯಿ, ಮೇಲಿನ ತನಕ. ನಿನ್ನ ಚೀಲ ಹಿಡಿದು ಹಿಂದೆಯೇ ಬರುತ್ತಿರುತ್ತೇನೆ.