ಬಾಟ್ಲಿಯ ನೀರು

ಮನಿಷಾ,

ಮತ್ತೆ ಅದೇ ಕೆಟ್ಟ ಕನಸು. ನಿಮ್ಮ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯ ಕೂಸುಗಳೆಲ್ಲ ಒಟ್ಟಿಗೆ ಅಳುತ್ತಿದ್ದವು, ನೀನೊಬ್ಬಳೇ ಓಡಾಡುತ್ತಿದ್ದೆ.

ಇವತ್ತು ನಿನ್ನ ಜೊತೆಯ ನರ್ಸ್ ಜೇಬಾ ಬೀದರದಿಂದ ಭಾಲ್ಕಿಗೆ ಬಂದಿದ್ದಳು. ನೀನು ಡ್ಯೂಟಿಯಲ್ಲೇ ಕುಸಿದು ಜೀವ ಬಿಟ್ಟ ದಿನ ನಾನು ಕೊಟ್ಟಿದ್ದ ಬಾಟ್ಲಿ ತಂದುಕೊಟ್ಟಳು. ನೀರು ಹಾಗೇ ಇತ್ತು.

"ಮನಿಷಾ ದಿನಾ ಬಾಟ್ಲಿ ಖಾಲೀನೇ ತರತಿದ್ಳಲ್ಲ, ಬೇಟಿ?" ಎಂದೆ ಅವಳಿಗೆ.

"ನೀವು ಬೈತೀರಂತ ಮನಿಗಿ ಬರೋ ಮುಂದ ಚೆಲ್ತಿದ್ಳರಿ ಮೌಶಿ. ನೀರು ಕುಡದ್ರ ಬಾತ್‌ರೂಮಿಗಿ ಹೋಗಬೇಕಾಗ್ತದ. ಅಷ್ಟು ಕೂಸುಗೋಳ್ನ ಯಾರ ಕೈಯಾಗ ಬಿಟ್ಟು ಹೋಗೋದ್ರಿ?"

ಅವಳಿಗೆ ಒತ್ತಾಯ ಮಾಡಿ ಚರಿಗೆ ತುಂಬ ನೀರು ಕುಡಿಸಿ ಕಳಿಸಿದೆ.

ಬಾಟ್ಲಿಯ ಕುತ್ತಿಗೆಯಲ್ಲಿ ಒಂದು ಬೆರಳಷ್ಟು ನೀರು ಕಡಿಮೆ ಇದೆ, ಮಗಳೇ. ಅವಸರದಲ್ಲಿ ನಾನೇ ಕಮ್ಮಿ ತುಂಬಿದ್ದೆನೋ, ನೀನು ಒಂದು ಗುಟುಕು ಕುಡಿದಿದ್ದೆಯೋ? ಇನ್ನೊಮ್ಮೆ ನೆನಪು ಮಾಡಿ ನೋಡು.